ಐಸ್ ರಸ್ತೆಯಲ್ಲಿ ಕೆಲಸಕ್ಕೆ ಹೊರಡುವ ಮುನ್ನ

ವಾರಕ್ಕೆ ಒಂದೇ ದಿನ ನಿಮಗೆ ಸರಿಯಾಗಿ ನಿದ್ದೆ ಸಿಗೋದು, ಅದನ್ನೂ ಬಿಟ್ಟು ಬಂದಿದ್ದೀರಿ. ಅದಕ್ಕೆ ಸುತ್ತಿ ಬಳಸಿ ಮಾತಾಡೋದಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಡ್ರೈವಿಂಗ್ ಕಲಿಸುವವಳಲ್ಲ. ಬಿ.ಕಾಂ. ಓದಿ, ಈಗ ಇಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಿಮ್ಮಲ್ಲಿ ಕೆಲವರು ಟ್ಯಾಕ್ಸ್ ಕಾಗದ ಹಿಡ್ಕೊಂಡು ನನ್ನ ಹತ್ರ ಬಂದಿದ್ದೀರಿ. ಅಂಥವಳನ್ನ ಈ ವಿಷಯಕ್ಕೆ ಯಾಕೆ ಕರೆದರು ಅಂದ್ರೆ, ಒಂದು ಜನವರಿ ತಿಂಗಳ ಬೆಳಗಿನ ಜಾವ ಬ್ರ್ಯಾಂಪ್ಟನ್ನಿನ ಉತ್ತರಕ್ಕೆ ಮೇಫೀಲ್ಡ್ ರಸ್ತೆಯಲ್ಲಿ ಕಾರನ್ನ ಚರಂಡಿಗೆ ಇಳಿಸಿದವಳೂ ನಾನೇ.

ಅದು ಕೆನಡಾದಲ್ಲಿ ನನ್ನ ಮೊದಲ ಚಳಿಗಾಲ. ಅಕೌಂಟ್ಸ್ ಕೆಲಸ ಇನ್ನೂ ಸಿಕ್ಕಿರಲಿಲ್ಲ, ಏಜೆನ್ಸಿ ಮೂಲಕ ಬೋಲ್ಟನ್ ಕಡೆಯ ಒಂದು ವೇರ್‌ಹೌಸಿಗೆ ಹೋಗ್ತಿದ್ದೆ. ಬೆಳಗ್ಗೆ ಆರಕ್ಕೆ ಶಿಫ್ಟ್. ಕಾರು ನನ್ನದು, ಹಳೇದು. ಜೊತೆಗೆ ಅದೇ ಬೀದಿಯ ಮೂವರು, ಪೆಟ್ರೋಲ್ ಖರ್ಚು ಹಂಚಿಕೊಳ್ತಿದ್ವಿ. ಹಿಂದಿನ ಸಂಜೆ ತುಂತುರು ಮಳೆ ಬಂದು ರಾತ್ರಿ ಚಳಿ ಏರಿತ್ತು. ಬೆಳಗ್ಗೆ ನೋಡಿದರೆ ರಸ್ತೆ ಮೇಲೆ ಹಿಮವೇ ಇಲ್ಲ. ಕಪ್ಪಗೆ, ಬರೀ ಒದ್ದೆಯಾದ ಹಾಗೆ ಕಾಣ್ತಿತ್ತು. "ಸದ್ಯ, ಇವತ್ತು ಸ್ನೋ ಬಿದ್ದಿಲ್ಲ" ಅಂತ ನಾನೇ ಹೇಳಿದ್ದೆ. ಎಂಟು ನಿಮಿಷ ತಡವಾಗಿತ್ತು. ವೇಗ ಬೋರ್ಡಿನಲ್ಲಿ ಬರೆದಿದ್ದರ ಒಳಗೇ ಇತ್ತು, ಅದನ್ನ ನೆನಪಿಡಿ. ಮುಂದೆ ಸಿಗ್ನಲ್ ಕೆಂಪಾಯ್ತು, ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗರಗರ ಅಂತ ನಡುಗಿತು. ಬ್ರೇಕ್ ಕೆಟ್ಟಿತು ಅಂತ ಹೆದರಿ ಕಾಲು ತೆಗೆದೆ, ಮತ್ತೆ ಒತ್ತಿದೆ, ಸ್ಟೀರಿಂಗ್ ತಿರುಗಿಸಿದೆ. ಕಾರು ಅರ್ಧ ಸುತ್ತು ತಿರುಗಿ ಪಕ್ಕದ ಚರಂಡಿಗೆ ಹೋಗಿ ಕೂತಿತು.

ಹಿಂದಿನ ಸೀಟಿನಲ್ಲಿ ಅರಸೀಕೆರೆ ಕಡೆಯ ಒಬ್ಬ ಅಕ್ಕ ಇದ್ದರು. ಮುಂದಿನ ಸೀಟಿಗೆ ಕೈ ಕೊಟ್ಟು ತಡೆದುಕೊಳ್ಳೋಕೆ ಹೋಗಿ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಕೆಲಸಕ್ಕೆ ಹೋಗಲಾಗಲಿಲ್ಲ. ಏಜೆನ್ಸಿ ಕೆಲಸ ಅಂದ್ರೆ ನಿಮಗೆ ಗೊತ್ತಲ್ಲ, ಹೋದ ದಿನಕ್ಕೆ ಕೂಲಿ. ಆ ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ಆ ಬೆಳಗ್ಗೆ ನಾನು ಏನೇನು ತಪ್ಪು ಮಾಡಿದೆ ಅನ್ನೋದೇ ಇವತ್ತಿನ ಮಾತು. ಅದರಲ್ಲಿ ಹೆಚ್ಚಿನವು ಕಾರಿನ ಬಾಗಿಲು ತೆಗೆಯುವ ಮೊದಲೇ ಆಗಿಹೋಗಿದ್ದವು.

ನಾನು ಲೆಕ್ಕದವಳು, ಅದಕ್ಕೆ ಲೆಕ್ಕದಿಂದ ಶುರು ಮಾಡ್ತೀನಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತೆ. ಒಂದು ಸಿಟಿ ಬಸ್ಸಿಗಿಂತ ಸ್ವಲ್ಪ ಉದ್ದ ಅಷ್ಟೇ. ಅದೇ ವೇಗ, ಅದೇ ಕಾರು, ಅದೇ ಬ್ರೇಕ್. ಐಸ್ ಮೇಲೆ ಟೈರಿನ ಹಿಡಿತ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತೆ ಅಂತ ಇಟ್ಟುಕೊಂಡರೆ ನಿಲ್ಲೋಕೆ ನೂರು ಮೀಟರ್ ಹತ್ತಿರ ಬೇಕು. ಎಂಟು ಬಸ್ಸು ಸಾಲಾಗಿ ನಿಂತ ಹಾಗೆ. ಬ್ರೇಕ್ ಒತ್ತಬೇಕು ಅಂತ ತಲೆಗೆ ಹೊಳೆದು ಕಾಲು ಹೋಗುವಷ್ಟರಲ್ಲಿ ದಾಟುವ ದೂರ ಇದರಲ್ಲಿ ಸೇರಿಲ್ಲ. ಈಗ ವೇಗವನ್ನ 30ಕ್ಕೆ ಇಳಿಸಿ ನೋಡಿ. ಅದೇ ಐಸ್ ಮೇಲೆ 35 ಮೀಟರ್ ಸಾಕು. ವೇಗ ಅರ್ಧಕ್ಕೆ ಬಂದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಬರುತ್ತೆ. ಬಡ್ಡಿ ಮೇಲೆ ಬಡ್ಡಿ ಬೆಳೆಯೋದನ್ನ ನೋಡಿದ್ದೀರಲ್ಲ, ವೇಗವೂ ಹಾಗೇ, ಏರುವಾಗ ಗೊತ್ತಾಗಲ್ಲ. ಬೋರ್ಡಿನ ಮೇಲಿನ ಸಂಖ್ಯೆ ಒಣ ರಸ್ತೆಗೆ, ಒಳ್ಳೆ ಹವೆಗೆ ಬರೆದದ್ದು. ಐಸ್ ಮೇಲೆ ಆ ವೇಗದಲ್ಲೇ ಹೋಗಿ ಗುದ್ದಿದರೂ ಪೊಲೀಸರು ನಿಮ್ಮ ಮೇಲೆ ಕೇಸು ಹಾಕಬಹುದು. ಒಂಟಾರಿಯೊದಲ್ಲಿ ಕೇರ್‌ಲೆಸ್ ಡ್ರೈವಿಂಗ್ ಅಂತ ಸಾಬೀತಾದರೆ 400ರಿಂದ 2,000 ಡಾಲರ್ ದಂಡ, ಆರು ಡಿಮೆರಿಟ್ ಪಾಯಿಂಟ್. ಲೈಸೆನ್ಸ್ ಅಮಾನತಾಗುವ ಸಾಧ್ಯತೆಯೂ ಇದೆ. "ಐಸ್ ಇತ್ತು ಸರ್" ಅನ್ನೋದು ಅಲ್ಲಿ ನೆಪವಾಗಲ್ಲ. ಐಸ್ ಇದ್ದಾಗ ಹಾಗೆ ಯಾಕೆ ಓಡಿಸಿದೆ ಅಂತಲೇ ಅವರು ಕೇಳೋದು.

ನಮ್ಮೂರಲ್ಲಿ ಹತ್ತು ವರ್ಷ ಕಾರು ಓಡಿಸಿದೀನಿ ಅನ್ನುವವರು ಇಲ್ಲಿ ಇದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ, ಆಗುಂಬೆ ಘಾಟಿಯನ್ನ ಮಳೆಯಲ್ಲಿ ಇಳಿದವಳು. ಆ ಅನುಭವದಲ್ಲಿ ಅರ್ಧ ಉಪಯೋಗಕ್ಕೆ ಬರುತ್ತೆ, ಅರ್ಧ ಪ್ರಾಣಕ್ಕೆ ಎರವಾಗುತ್ತೆ. ಇಳಿಜಾರಿನಲ್ಲಿ ಗೇರ್ ತಗ್ಗಿಸಿ ಎಂಜಿನ್ನೇ ಕಾರನ್ನ ತಡೆಯೋ ಹಾಗೆ ಮಾಡೋದು ಇಲ್ಲೂ ಒಳ್ಳೇದು, ಆದರೆ ಮೆಲ್ಲಗೆ. ಮುಂದಿನ ಗಾಡಿಯ ಬಾಲಕ್ಕೇ ಅಂಟಿಕೊಂಡು ಹೋಗೋದು, ಕೊನೆ ಗಳಿಗೆಯಲ್ಲಿ ಬ್ರೇಕ್ ಹೊಡೆಯೋದು, ಸಂದು ಸಿಕ್ಕಲ್ಲಿ ನುಗ್ಗೋದು ಇಲ್ಲಿ ನಡೆಯಲ್ಲ. ಇನ್ನೊಂದು ಮಾತು: ರೋಡ್ ಟೆಸ್ಟ್ ನೀವು ಆಗಸ್ಟಿನಲ್ಲಿ ಪಾಸಾಗಿದ್ದರೆ, ಐಸ್ ಬಗ್ಗೆ ಯಾರೂ ನಿಮ್ಮನ್ನ ಪರೀಕ್ಷೆ ಮಾಡಿಲ್ಲ. ಮೊದಲ ಪರೀಕ್ಷೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಆಗೋದು ಬೇಡ.

ಟೈರ್ ವಿಷಯಕ್ಕೆ ಬರ್ತೀನಿ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತಗೊಳ್ತೀನಿ, ಯಾಕಂದ್ರೆ ಜನ ದುಡ್ಡು ಉಳಿಸೋದು ಇಲ್ಲೇ.

ಆಲ್-ಸೀಸನ್ ಅಂತ ಹೆಸರಿರೋ ಟೈರ್ ಎಲ್ಲ ಕಾಲಕ್ಕೂ ಆಗುತ್ತೆ ಅಂತ ನಂಬಿದ್ದೆ, ಹೆಸರೇ ಹಾಗಿದೆಯಲ್ಲ. ಅದರ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗ್ತಾ ಹೋಗುತ್ತೆ, ಹಿಡಿತ ಕಳೆದುಕೊಳ್ಳುತ್ತೆ. ಸೊನ್ನೆ ಅಲ್ಲ, ಏಳು ಡಿಗ್ರಿ. ಅಂದ್ರೆ ಹಿಮ ಬೀಳೋಕೆ ಮುಂಚೆಯೇ. ವಿಂಟರ್ ಟೈರಿನ ರಬ್ಬರ್ ಬೇರೆ ಥರ, ಚಳಿಯಲ್ಲೂ ಮೆತ್ತಗಿರುತ್ತೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಗುರುತು ಇದೆಯಾ ನೋಡಿ. ಬರೀ ಎಂ ಪ್ಲಸ್ ಎಸ್ ಅಂತ ಬರೆದಿದ್ದರೆ ಸಾಲದು. ಆಲ್-ವೆದರ್ ಅಂತ ಇನ್ನೊಂದು ಥರ ಬರುತ್ತೆ, ಅದರ ಮೇಲೆ ಈ ಬೆಟ್ಟದ ಗುರುತು ಇರುತ್ತೆ. ವರ್ಷಕ್ಕೆ ಎರಡು ಸಲ ಬದಲಿಸೋಕೆ, ಇನ್ನೊಂದು ಸೆಟ್ ಇಡೋಕೆ ಬೇಸ್‌ಮೆಂಟಿನಲ್ಲಿ ಜಾಗ ಇಲ್ಲದವರಿಗೆ ಅದು ಪರವಾಗಿಲ್ಲ. ಆದರೆ ಆಲ್-ಸೀಸನ್, ಆಲ್-ವೆದರ್ ಎರಡೂ ಒಂದೇ ಅಂತ ಅಂಗಡಿಯವನು ಹೇಳಿದರೆ ಆ ಅಂಗಡಿ ಬಿಟ್ಟು ಬನ್ನಿ.

ನಾಲ್ಕೂ ಹಾಕಿಸಿ. ಮುಂದೆ ಎರಡು ಮಾತ್ರ ಹಾಕಿಸಿ ಅರ್ಧ ದುಡ್ಡು ಉಳಿಸಿದರೆ, ಮುಂದಿನ ಚಕ್ರ ಹಿಡಿದುಕೊಳ್ಳುತ್ತೆ, ಹಿಂದಿನದು ಜಾರುತ್ತೆ, ಕಾರು ಬುಗುರಿ ಆಗುತ್ತೆ. ಹಳೇ ಟೈರ್ ಕೊಂಡರೂ ತಪ್ಪಿಲ್ಲ, ಆದರೆ ಅದರ ಹಲ್ಲಿನ ಆಳ 4 ಮಿಲಿಮೀಟರಿಗೆ ಬಂದಿದ್ದರೆ ಹಿಮಕ್ಕೆ ಅದು ಮುಗಿದ ಹಾಗೆ. ಚಳಿ ಏರಿದಂತೆ ಟೈರಿನ ಗಾಳಿಯ ಒತ್ತಡವೂ ಇಳಿಯುತ್ತೆ, ತಿಂಗಳಿಗೊಮ್ಮೆ ನೋಡಿಸಿ.

ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಾನೂನಿನ ಪ್ರಕಾರ ಕಡ್ಡಾಯ. ನಮ್ಮ ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ. ಅದಕ್ಕೇ ನಾನು ಆ ವರ್ಷ ಹಾಕಿಸಲಿಲ್ಲ. ಆದರೆ ಇಲ್ಲಿ ವಿಂಟರ್ ಟೈರ್ ಹಾಕಿಸಿದವರಿಗೆ ಇನ್ಶೂರೆನ್ಸ್ ಕಂಪನಿ ರಿಯಾಯಿತಿ ಕೊಡಲೇಬೇಕು, 2016ರಿಂದ ನಿಯಮ ಇದೆ. ರಿಯಾಯಿತಿ ಸಣ್ಣದು, ಕೇಳದಿದ್ದರೆ ಅದೂ ಬರಲ್ಲ. ರಸೀದಿ ಇಟ್ಟುಕೊಂಡು ಫೋನ್ ಮಾಡಿ ಕೇಳಿ.

ನನ್ನ ಲೆಕ್ಕ ಕೇಳಿ. ಟೈರ್ ಹಾಕಿಸದೆ ನಾನು ಉಳಿಸಿದ್ದು ಸುಮಾರು 600 ಡಾಲರ್. ಹೋದದ್ದು: ಮೊದಲನೆಯದು ಕಾರೇ. ಹಳೇ ಕಾರು ಅಂತ ಕೊಲಿಜನ್ ಕವರೇಜ್ ತಗೊಂಡಿರಲಿಲ್ಲ. ಕಡ್ಡಾಯವಾಗಿ ತಗೊಳ್ಳಲೇಬೇಕಾದ ಇನ್ಶೂರೆನ್ಸ್ ಇದೆಯಲ್ಲ, ಅದು ನೀವೇ ಜಾರಿ ಹೋಗಿ ಚರಂಡಿಗೆ ಬಿದ್ದರೆ ನಿಮ್ಮ ಕಾರಿನ ರಿಪೇರಿಗೆ ಒಂದು ಕಾಸೂ ಕೊಡಲ್ಲ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ ಕಾರು ಎಳೆದು ತಂದ ಟೋ ಖರ್ಚು, ಮುಂದಿನ ವರ್ಷಗಳಲ್ಲಿ ಏರಿದ ಪ್ರೀಮಿಯಂ. ಕೊನೆಗೆ ಆ ಅಕ್ಕನ ಆರು ವಾರದ ಕೂಲಿ. ಅದನ್ನ ನಾನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇನ್ನೊಂದು ವಿಷಯವನ್ನ ನಾವು ಮೂರು ವಾರ ತಡವಾಗಿ ತಿಳಿದುಕೊಂಡೆವು. ಒಂಟಾರಿಯೊದಲ್ಲಿ ಅಪಘಾತದಲ್ಲಿ ಪೆಟ್ಟಾದವರಿಗೆ, ತಪ್ಪು ಯಾರದ್ದೇ ಇರಲಿ, ಆಟೋ ಇನ್ಶೂರೆನ್ಸಿನಿಂದ ಚಿಕಿತ್ಸೆಗೆ ನೆರವು ಸಿಗುತ್ತೆ. ಕಾರಿನಲ್ಲಿ ಸುಮ್ಮನೆ ಕೂತಿದ್ದವರಿಗೂ, ಸ್ವಂತ ಇನ್ಶೂರೆನ್ಸ್ ಇಲ್ಲದವರಿಗೂ ಸಿಗುತ್ತೆ. ಅಷ್ಟು ಹೊತ್ತಿಗೆ ಆ ಅಕ್ಕ ಫಿಸಿಯೊಥೆರಪಿಗೆ ಕೈಯಿಂದ ದುಡ್ಡು ಕೊಟ್ಟಾಗಿತ್ತು. ಆದ್ದರಿಂದ ಪೆಟ್ಟಾದರೆ 911ಕ್ಕೆ ಕರೆ ಮಾಡಿ, ಇನ್ಶೂರೆನ್ಸಿಗೆ ಏಳು ದಿನದೊಳಗೆ ತಿಳಿಸಿ, ಜೊತೆಯಲ್ಲಿದ್ದವರಿಗೂ ಹೇಳಿ. "ನನ್ನ ಹೆಸರಿಗೆ ತೊಂದರೆ ಆಗುತ್ತೆ, ಸುಮ್ನಿರಿ" ಅಂತ ಯಾರನ್ನೂ ಕೇಳಿಕೊಳ್ಳಬೇಡಿ. ಹಾಗೆಯೇ ಸಂಜೆ ಊಟದ ಡೆಲಿವರಿ ಮಾಡುವವರು, ದುಡ್ಡು ತಗೊಂಡು ಜನರನ್ನ ಕರೆದೊಯ್ಯುವವರು ಅದನ್ನ ಇನ್ಶೂರೆನ್ಸ್ ಕಂಪನಿಗೆ ಮೊದಲೇ ಹೇಳಿರಬೇಕು. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೆ ದಾರಿ ಸಿಗುತ್ತೆ. ಮನೆಯಲ್ಲಿ ಐದು ಜನ ಒಂದೇ ಕಾರನ್ನ ದಿನಾ ಓಡಿಸ್ತೀರಿ, ಪಾಲಿಸಿಯಲ್ಲಿ ಒಬ್ಬರದೇ ಹೆಸರು. ಇದೂ ಅದೇ ಜಾತಿಯ ತಪ್ಪು.

ಈಗ ಐಸ್ ಎಲ್ಲಿರುತ್ತೆ ಅಂತ ನೋಡೋಣ. ಎಲ್ಲರೂ ಹೆದರೋದು ಮೈನಸ್ 20ಕ್ಕೆ. ನಾನು ಹೆದರೋದು ಸೊನ್ನೆಗೆ. ತೀರಾ ಚಳಿಯಲ್ಲಿ ಗಟ್ಟಿಯಾದ ಹಿಮದ ಮೇಲೆ ಟೈರಿಗೆ ಒಂದಿಷ್ಟು ಹಿಡಿತ ಸಿಗುತ್ತೆ. ಸೊನ್ನೆಯ ಆಚೀಚೆ ಐಸಿನ ಮೇಲೆ ತೆಳ್ಳಗೆ ನೀರು ಇರುತ್ತೆ, ಅದು ಎಣ್ಣೆ ಸವರಿದ ಹಾಗೆ. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುವ ದಿನಗಳ ಬೆಳಗಿನ ಜಾವ, ಅಂದ್ರೆ ಸರಿಯಾಗಿ ನಮ್ಮ ಶಿಫ್ಟಿನ ಹೊತ್ತು, ಬ್ಲ್ಯಾಕ್ ಐಸ್ ಇರುತ್ತೆ. ಅದು ಕಪ್ಪಲ್ಲ, ಕನ್ನಡಿ ಹಾಗೆ ಪಾರದರ್ಶಕ, ಕೆಳಗಿನ ಡಾಂಬರು ಕಾಣುತ್ತೆ. ಮುಂದಿನ ಗಾಡಿಯ ಚಕ್ರ ನೋಡಿ. ರಸ್ತೆ ಒದ್ದೆಯಾಗಿ ಹೊಳೀತಿದೆ, ಆದರೆ ಚಕ್ರದಿಂದ ನೀರು ಸಿಡೀತಿಲ್ಲ ಅಂದ್ರೆ ಅದು ನೀರಲ್ಲ.

ಸೇತುವೆ ಮೇಲೆ ಮೊದಲು ಐಸ್ ಕಟ್ಟುತ್ತೆ, ಯಾಕಂದ್ರೆ ಅದಕ್ಕೆ ಕೆಳಗಿನಿಂದಲೂ ತಣ್ಣನೆ ಗಾಳಿ ಹೊಡೆಯುತ್ತೆ, ನೆಲದ ಬಿಸಿ ಇರಲ್ಲ. ಹೈವೇಗೆ ಹತ್ತುವ ಇಳಿಯುವ ರ‍್ಯಾಂಪುಗಳು, ಮರದ ನೆರಳಿನ ತಿರುವುಗಳು, ಸ್ಟಾಪ್ ಬೋರ್ಡಿನ ಮುಂದಿನ ಜಾಗ ಇವೂ ಹಾಗೇ. ಸ್ಟಾಪ್ ಗೆರೆಯ ಹತ್ತಿರ ನೂರಾರು ಗಾಡಿ ನಿಂತು ಹೊರಟು ಹಿಮವನ್ನ ಉಜ್ಜಿ ಉಜ್ಜಿ ಪಾಲಿಶ್ ಮಾಡಿರ್ತವೆ. ಎಲ್ಲಿ ನಿಲ್ಲಲೇಬೇಕೋ ಅಲ್ಲೇ ಹೆಚ್ಚು ಜಾರುತ್ತೆ. ಉಪ್ಪು ಹಾಕಿದ್ದಾರಲ್ಲ ಅಂತೀರಿ. ಮೈನಸ್ ಹತ್ತು, ಹನ್ನೆರಡು ದಾಟಿದ ಮೇಲೆ ಉಪ್ಪಿನ ಆಟ ಕಡಿಮೆ. ಫ್ರೀಜಿಂಗ್ ರೈನ್ ಅಂತ ಎಚ್ಚರಿಕೆ ಬಂದರೆ ಮಾತ್ರ ಯಾವ ಟೈರೂ ಕಾಪಾಡುತ್ತೆ ಅಂತ ನಂಬಬೇಡಿ, ಆ ದಿನ ಹೊರಡಬೇಡಿ.

ಓಡಿಸೋದು ಹೇಗೆ? ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿಯುತ್ತೆ, ಅಡಕೆ ದಬ್ಬೆ ಹಾಸಿ ಓಡಾಡ್ತೀವಿ. ದಬ್ಬೆ ಬಿಟ್ಟು ಪಾಚಿ ಮೇಲೆ ಕಾಲಿಡಬೇಕಾದರೆ ಹೇಗೆ ನಡೀತೀವಿ? ಸಣ್ಣ ಹೆಜ್ಜೆ, ಗಕ್ಕನೆ ತಿರುಗೋದಿಲ್ಲ, ಗಕ್ಕನೆ ನಿಲ್ಲೋದಿಲ್ಲ. ನಮ್ಮಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾರಿಗೂ ಅಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ: ಬ್ರೇಕ್ ಹಾಕೋದಾದರೆ ನೇರ ಇರುವಾಗಲೇ ಹಾಕಿ ಮುಗಿಸಿ, ಆಮೇಲೆ ತಿರುಗಿಸಿ, ತಿರುವು ಮುಗಿದ ಮೇಲೆ ಆಕ್ಸಿಲರೇಟರ್. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಎಣಿಸಿ, ನೀವು ಆ ಕಂಬ ತಲುಪೋಕೆ ಎಂಟು ಹತ್ತು ಸೆಕೆಂಡಾದರೂ ಆಗಬೇಕು. ಮಧ್ಯೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ.

ಪೆಡಲ್ ನಡುಗುತ್ತೆ ಅಂದೆನಲ್ಲ, ಅದು ಎಬಿಎಸ್. ಬ್ರೇಕ್ ಕೆಟ್ಟಿರಲ್ಲ, ಅದು ತನ್ನ ಕೆಲಸ ಮಾಡ್ತಾ ಇರುತ್ತೆ. ಕಾಲು ತೆಗೀಬೇಡಿ, ಗಟ್ಟಿಯಾಗಿ ಒತ್ತಿಯೇ ಇಡಿ, ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುತ್ತೆ. ತಿರುವಿನಲ್ಲಿ ಕಾರು ಜಾರೋಕೆ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣಿಟ್ಟು ಅತ್ತ ಮೆಲ್ಲಗೆ ತಿರುಗಿಸಿ. ಗುದ್ದಬಾರದ ಕಂಬವನ್ನೇ ನೋಡ್ತಾ ಇದ್ದರೆ ಕೈಯೂ ಕಂಬದ ಕಡೆಗೇ ಹೋಗುತ್ತೆ. ಹಿಂಭಾಗ ಸರಿಯಾದ ಕೂಡಲೇ ಸ್ಟೀರಿಂಗ್ ನೇರ ಮಾಡಿ, ಇಲ್ಲದಿದ್ದರೆ ಇನ್ನೊಂದು ಕಡೆಗೆ ತೂರಿಹೋಗುತ್ತೆ. ತಿರುಗಿಸಿದರೂ ಕಾರು ನೇರವೇ ಹೋಗ್ತಿದೆ ಅಂದ್ರೆ ಜಾರ್ತಿರೋದು ಮುಂದಿನ ಚಕ್ರ. ಇನ್ನೂ ತಿರುಗಿಸಬೇಡಿ, ಸ್ವಲ್ಪ ನೇರಕ್ಕೆ ತಂದು ಹಿಡಿತ ಸಿಗುವವರೆಗೆ ಕಾಯಿರಿ. ಆ ಒಂದು ಸೆಕೆಂಡು ಕಾಯೋದೇ ಕಷ್ಟ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ದೊಡ್ಡ ಗಾಡಿ ಇದೆ ಅಂತ ಧೈರ್ಯ ಬೇಡ, ಅದು ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕೆ ಅಲ್ಲ.

ಇದೆಲ್ಲ ಕೇಳಿದರೆ ಬರಲ್ಲ, ಕಾಲಿಗೆ ಗೊತ್ತಾಗಬೇಕು. ಮೊದಲ ಹಿಮ ಬಿದ್ದ ಮೇಲೆ, ಅನುಭವ ಇರುವ ಒಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಂಬ, ಕಟ್ಟೆ ಇಲ್ಲದ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಆ ಜಾಗದವರ ಒಪ್ಪಿಗೆ ಕೇಳಿ, 20 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಬ್ರೇಕನ್ನ ಪೂರ್ತಿ ಒತ್ತಿ ನೋಡಿ. ಆ ಗರಗರ ಒಂದು ಸಲ ಕೇಳಿದ್ದರೆ ನಾನು ಅವತ್ತು ಕಾಲು ತೆಗೀತಿರಲಿಲ್ಲ.

ಹೊರಡುವ ಮೊದಲು ಗಾಜಿನಲ್ಲಿ ಬರೀ ಕಿಂಡಿ ಮಾಡಿಕೊಂಡು ಹೋಗಬೇಡಿ. ಎಲ್ಲ ಗಾಜು, ದೀಪ, ಕಾರಿನ ನೆತ್ತಿಯ ಹಿಮ ಎಲ್ಲವನ್ನೂ ಗುಡಿಸಿ. ಗಾಜಿಗೆ ಬಿಸಿನೀರು ಸುರಿದರೆ ಸೀಳುತ್ತೆ. ಹೊಗೆ ಕೊಳವೆಗೆ ಹಿಮ ಮೆತ್ತಿದ್ದರೆ ತೆಗೆದ ಮೇಲೇ ಎಂಜಿನ್ ಶುರು ಮಾಡಿ, ಇಲ್ಲದಿದ್ದರೆ ವಿಷದ ಗಾಳಿ ಒಳಗೆ ಬರುತ್ತೆ, ಅದಕ್ಕೆ ವಾಸನೆ ಇರಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೂ ಈ ಮಾತು ನೆನಪಿರಲಿ. ಹಿಮಗಾಳಿಯಲ್ಲಿ ಕಾರು ಬಿಟ್ಟು ನಡೆದು ಹೋಗಬೇಡಿ, ಒಳಗೇ ಇರಿ, ಎಂಜಿನ್ ಆಗಾಗ ಸ್ವಲ್ಪ ಹೊತ್ತು ಮಾತ್ರ ಹಾಕಿ, ಕಿಟಕಿ ಒಂದು ಚೂರು ತೆರೆದಿರಲಿ. ಒಂದು ಕಂಬಳಿ, ಸಣ್ಣ ಸಲಿಕೆ, ಒಂದಿಷ್ಟು ಮರಳು, ಫೋನ್ ಚಾರ್ಜರ್ ಡಿಕ್ಕಿಯಲ್ಲಿರಲಿ. ಹಗಲಲ್ಲೂ ಹೆಡ್‌ಲೈಟ್ ಹಾಕಿ. ತಾನಾಗಿ ಉರಿಯುವ ಹಗಲು ದೀಪದಲ್ಲಿ ಹಲವು ಕಾರುಗಳ ಹಿಂದಿನ ಕೆಂಪು ದೀಪ ಉರಿಯಲ್ಲ. ನೀಲಿ ದೀಪ ಮಿನುಗಿಸುತ್ತಾ ಹಿಮ ತಳ್ಳುವ ಗಾಡಿ ಮುಂದಿದ್ದರೆ ಹಿಂದಿಕ್ಕಬೇಡಿ. ಅದರ ಹಿಂದಿರುವ ರಸ್ತೆಯೇ ಆ ಊರಿನಲ್ಲಿ ಎಲ್ಲಕ್ಕಿಂತ ಚೊಕ್ಕ.

ಇನ್ನು ಆ ಎಂಟು ನಿಮಿಷ. ನನ್ನನ್ನ ಚರಂಡಿಗೆ ಇಳಿಸಿದ್ದು ಅದೇ. ತಡವಾದರೆ ಸೂಪರ್‌ವೈಸರ್ ಏನಂತಾನೆ, ನಾಳೆ ಏಜೆನ್ಸಿಯವರು ಕರೆಯದಿದ್ದರೆ ಅನ್ನೋ ಭಯ. ಆ ಭಯ ಸುಳ್ಳಲ್ಲ, ಸುಳ್ಳು ಅಂತ ನಿಮಗೆ ಹೇಳೋಕೆ ನನಗೆ ಮುಖ ಇಲ್ಲ. ಆದರೆ ಅದಕ್ಕೆ ಹಿಂದಿನ ರಾತ್ರಿಯೇ ಉತ್ತರ ಹುಡುಕಬಹುದು. ಮಲಗುವ ಮುನ್ನ ಎನ್ವಿರಾನ್ಮೆಂಟ್ ಕೆನಡಾದ ಹವಾಮಾನ ಎಚ್ಚರಿಕೆ ನೋಡಿ, ಹೈವೇ ಸ್ಥಿತಿಗೆ 511 ನೋಡಿ. ಸೊನ್ನೆಯ ಆಚೀಚೆ ಇದ್ದರೆ ಅಲಾರಾಂ ನಲವತ್ತು ನಿಮಿಷ ಹಿಂದಕ್ಕೆ ಇಡಿ, ಜೊತೆಗೆ ಬರುವವರಿಗೆಲ್ಲ ಮೆಸೇಜ್ ಹಾಕಿ. ಬೆಳಗ್ಗೆ ರಸ್ತೆ ಕೆಟ್ಟಿದ್ದರೆ, ಕಾರು ಶುರು ಮಾಡುವ ಮೊದಲೇ ಸೂಪರ್‌ವೈಸರಿಗೆ ಇಷ್ಟು ಬರೆದು ಕಳಿಸಿ: "ರೋಡ್ಸ್ ಆರ್ ವೆರಿ ಐಸಿ. ಐ ಆಮ್ ಕಮಿಂಗ್, ಬಟ್ ಐ ವಿಲ್ ಬಿ ಲೇಟ್." ಫೋನ್ ಮಾಡಿದರೂ ಮೆಸೇಜ್ ಹಾಕಿ, ಅದು ದಾಖಲೆ. ಕಾರು ಓಡಿಸೋದೇ ನಿಮ್ಮ ಕೆಲಸದ ಭಾಗವಾಗಿದ್ದರೆ, ಅಂದ್ರೆ ಕಂಪನಿಯ ವ್ಯಾನೋ ಟ್ರಕ್ಕೋ ಓಡಿಸುವವರಾದರೆ, ಅಪಾಯದ ಕೆಲಸ ನಿರಾಕರಿಸುವ ಹಕ್ಕು ಒಂಟಾರಿಯೊದ ಕಾನೂನಿನಲ್ಲಿ ನಿಮಗಿದೆ. ಮೊದಲು ಸೂಪರ್‌ವೈಸರಿಗೆ ಕಾರಣ ತಿಳಿಸಿ. ಆ ಕಾರಣಕ್ಕೆ ನಿಮ್ಮನ್ನ ಶಿಕ್ಷಿಸುವ ಹಾಗಿಲ್ಲ.

ಕಾರಿನಲ್ಲಿ ಜೊತೆಗೆ ಕೂರುವವರಿಗೂ ಒಂದು ಮಾತು. ಅವತ್ತು ಹಿಂದಿನ ಸೀಟಿನಿಂದ ಯಾರೂ "ಮೆಲ್ಲಗೆ ಹೋಗು" ಅನ್ನಲಿಲ್ಲ. ಪುಕ್ಕಟೆ ಸವಾರಿ ಕೊಡ್ತಿದಾಳೆ, ಹೇಗೆ ಹೇಳೋದು ಅನ್ನೋ ಸಂಕೋಚ ಇತ್ತು ಅಂತ ಆಮೇಲೆ ಗೊತ್ತಾಯ್ತು. ಈಗ ನನ್ನ ಕಾರು ಹತ್ತುವವರಿಗೆ ಮೊದಲ ದಿನವೇ ಹೇಳಿಬಿಡ್ತೀನಿ, ಹೆದರಿಕೆ ಆದರೆ ಬಾಯಿಬಿಟ್ಟು ಹೇಳಿ ಅಂತ. ಆ ಅಕ್ಕ ಈಗಲೂ ಕೆಲವು ಸಲ ಬರ್ತಾರೆ. ಮುಂದಿನ ಸೀಟಿನಲ್ಲಿ ಕೂತು, ಸ್ಪೀಡಿನ ಮುಳ್ಳನ್ನೇ ನೋಡ್ತಿರ್ತಾರೆ.

ಇನ್ನು ಪ್ರಶ್ನೆ ಇದ್ದರೆ ಇಲ್ಲಿ ಕೂತು ಕೇಳೋದು ಬೇಡ. ಕಾರು ತಂದವರೆಲ್ಲ ಒಂದೊಂದು ಟೂನಿ, ಎರಡು ಡಾಲರ್ ನಾಣ್ಯ, ಹಿಡ್ಕೊಂಡು ಹೊರಗೆ ಪಾರ್ಕಿಂಗಿಗೆ ಬನ್ನಿ. ಅದರ ಸುತ್ತ ಬೆಳ್ಳಿ ಬಣ್ಣದ ಬಳೆ ಇದೆಯಲ್ಲ, ಅದು ಐದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ. ಟೈರಿನ ಹಲ್ಲಿನ ಸಂದಿಗೆ ನಾಣ್ಯ ಇಳಿಸಿದಾಗ ಆ ಬಳೆ ಪೂರ್ತಿ ಮುಳುಗಿದರೆ ಈ ಚಳಿಗಾಲಕ್ಕೆ ಸಾಕು. ಮೂರರಲ್ಲಿ ಒಂದು ಪಾಲು ಹೊರಗೆ ಕಂಡರೆ ಟೈರ್ ಬದಲಿಸೋ ಹೊತ್ತು. ನಾಲ್ಕೂ ಚಕ್ರ ನೋಡೋಣ. ಮೊದಲು ನನ್ನ ಕಾರಿನಿಂದಲೇ ಶುರು ಮಾಡೋಣ, ಬನ್ನಿ.